ಅಪ್ಪನ ಹಳೇ ಕಾರಿಗೆ ಬೆಲೆ ಕಟ್ಟಿಸಿ, ಇನ್ಶೂರೆನ್ಸ್ ಮಾಡಿಸಿದ ನನ್ನ ಅನುಭವ

ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದ ನನ್ನ ಕಾರಿಗೆ ಯಾರೋ ರಿವರ್ಸ್ ತೆಗೆಯುವಾಗ ಹಿಂದಿನಿಂದ ಗುದ್ದಿದರು. ಬಂಪರ್ ಒಳಗೆ ಹೋಯ್ತು, ಡಿಕ್ಕಿ ಕೆಳಗಿನ ತಗಡು ಸ್ವಲ್ಪ ಮಡಚಿಕೊಂಡಿತು. ಅಷ್ಟೇ. ಕ್ಲೇಮ್ ಹಾಕಿದೆ. ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಕಂಪನಿಯಿಂದ ಫೋನ್ ಬಂತು. "ರಿಪೇರಿ ಖರ್ಚು ಪಾಲಿಸಿ ಮೊತ್ತದ ಹತ್ತಿರ ಬರುತ್ತೆ ಸರ್. ಟೋಟಲ್ ಲಾಸ್ ಮಾಡ್ತೀವಿ, ಅಂದ್ರೆ ಗಾಡಿ ಪೂರ್ತಿ ಹೋಯ್ತು ಅಂತ ಲೆಕ್ಕ ಹಾಕಿ ದುಡ್ಡು ಕೊಡ್ತೀವಿ, ಗಾಡಿ ನಮಗೆ ಬಿಟ್ಟುಕೊಡಿ" ಅಂದರು.

ನನಗೆ ಕೈಕಾಲು ತಣ್ಣಗಾಯ್ತು. ಅಪ್ಪ ದಿನಾ ಒರೆಸಿ ಒರೆಸಿ ಇಟ್ಟುಕೊಂಡಿದ್ದ ಕಾರು ಅದು. 1982ರ ಮರ್ಸಿಡಿಸ್ 240ಡಿ, ಕಡು ನೀಲಿ ಬಣ್ಣ. ಕ್ಲೇಮ್ ವಾಪಸ್ ತಗೊಂಡು, ಕೈಯಿಂದಲೇ ದುಡ್ಡು ಹಾಕಿ ಸರಿಮಾಡಿಸಿದೆ. ಆಮೇಲೆ ಕೂತು ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ.

ಮಾಮೂಲಿ ಪಾಲಿಸಿಯಲ್ಲಿ ವರ್ಷ ಕಳೆದ ಹಾಗೆ ಸವಕಳಿ ಕಳೆಯುತ್ತಾ ಹೋಗುತ್ತಾರೆ. ಕಾರು ಹಳೆಯದಾದಷ್ಟೂ ಕಾಗದದ ಮೇಲೆ ಅದರ ಬೆಲೆ ಇಳಿಯುತ್ತದೆ. ಆದರೆ ಚೆನ್ನಾಗಿ ಉಳಿದ ಹಳೇ ಕಾರಿನ ನಿಜವಾದ ಬೆಲೆ ಒಂದು ಹಂತದ ನಂತರ ಇಳಿಯುವುದು ನಿಲ್ಲುತ್ತದೆ, ಕೆಲವು ಸಲ ಏರುತ್ತದೆ. ಪಾಲಿಸಿಗೆ ಅದು ಗೊತ್ತಾಗುವುದಿಲ್ಲ. ಇದಕ್ಕೆ ದಾರಿ, ಒಪ್ಪಿದ ಬೆಲೆಯ ಪಾಲಿಸಿ. ಕಾರು ಎಷ್ಟು ಬೆಲೆ ಬಾಳುತ್ತದೆ ಅಂತ ನಾವೂ ಕಂಪನಿಯೂ ಮೊದಲೇ ಒಪ್ಪಿ ಬರೆದುಕೊಳ್ಳುವುದು. ಕಾರು ಪೂರ್ತಿ ಹೋದರೆ ಆ ಮೊತ್ತವೇ ಬರುತ್ತದೆ, ಕ್ಲೇಮ್ ದಿನ ಚೌಕಾಸಿ ಇಲ್ಲ. ಬರೀ "ಮಾರುಕಟ್ಟೆ ಬೆಲೆ" ಅಂತ ಬರೆದಿದ್ದರೆ ಬೆಲೆ ಎಷ್ಟು ಅನ್ನುವ ಜಗಳ ಶುರುವಾಗುವುದೇ ಕಾರು ಹೋದಮೇಲೆ. ಆಗ ತೋರಿಸಲು ನಮ್ಮ ಹತ್ತಿರ ಕಾರೇ ಇರುವುದಿಲ್ಲ, ಅಲ್ವಾ?

ಸರಿ, ಬೆಲೆ ಎಷ್ಟು? ಮೊದಲು ನಾನೇ ಲೆಕ್ಕ ಹಾಕಿದೆ. ನನ್ನ 240ಡಿ ಸೇರುವ ಡಬ್ಲ್ಯು123 ಸರಣಿಯ ಕಾರುಗಳು 1976ರಿಂದ ಸುಮಾರು ಹತ್ತು ವರ್ಷದಲ್ಲಿ 27 ಲಕ್ಷದ ಹತ್ತಿರ ತಯಾರಾಗಿವೆ. ಹಾಗಾಗಿ ಹೆಸರಿನಿಂದ ಇದು ಅಪರೂಪದ ಕಾರಲ್ಲ. ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನು, ಹಿಂದಿನ ಗಾಜಿನ ಕೆಳಗೆ, ಇಲ್ಲೆಲ್ಲ ತುಕ್ಕು ಹಿಡಿದು ಹೋದವೇ ಜಾಸ್ತಿ. ತುಕ್ಕಿಲ್ಲದೆ, ಫ್ಯಾಕ್ಟರಿ ಬಣ್ಣದಲ್ಲೇ ಉಳಿದದ್ದು ಅಪರೂಪ. ಜಾಹೀರಾತಿನಲ್ಲಿ ಕೇಳುವ ಬೆಲೆಗಳನ್ನು ನಾನು ನಂಬಲಿಲ್ಲ. ಅದು ಮಾರುವವರ ಆಸೆ, ಅಷ್ಟೇ. ಹರಾಜಿನಲ್ಲಿ ನಿಜವಾಗಿ ಕೈಬದಲಾದ ಬೆಲೆಗಳನ್ನೇ ಗುರುತು ಹಾಕಿಕೊಂಡೆ. ಅದರಲ್ಲೂ ಅದೇ ಇಂಜಿನ್ನಿನವು, ಅದೇ ಸ್ಥಿತಿಯವು ಮಾತ್ರ.

ಆಮೇಲೆ ಹಳೇ ಕಾರುಗಳಿಗೇ ಬೆಲೆ ಕಟ್ಟುವ ಒಬ್ಬ ವ್ಯಾಲ್ಯೂಯರ್‌ರನ್ನು ಕರೆಸಿದೆ. ಅವರು ಬಾನೆಟ್ ಎತ್ತಿಸಿ, ಇಂಜಿನ್ ಹಿಂದಿನ ತಗಡಿನ ಮೇಲೆ ಕೊರೆದಿರುವ ಚಾಸಿ ನಂಬರ್ ಓದಿಕೊಂಡರು. ಅದನ್ನು ಕಾರು ತಯಾರಿಸಿದ ಕಂಪನಿಯ ಡೇಟಾ ಕಾರ್ಡ್ (ಫ್ಯಾಕ್ಟರಿಯಿಂದ ಹೊರಬಂದಾಗ ಕಾರು ಹೇಗಿತ್ತು ಅನ್ನುವ ವಿವರದ ಪಟ್ಟಿ) ಜೊತೆ ಹೋಲಿಸಿದರು. ಇಂಜಿನ್ ನಂಬರ್, ಬಣ್ಣದ ಕೋಡ್ 904, ಸೀಟಿನ ಬಣ್ಣ, ಎಲ್ಲ ತಾಳೆಯಾಯ್ತು. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ಟಾರ್ಚ್ ಬಿಟ್ಟರು. ತಗಡು ಬದಲಾಯಿಸಿದ್ದಾರಾ ಅಂತ ತಿಳಿಯಲು, ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ, ಒಂದೇ ಅಂತರದಲ್ಲಿವೆಯಾ ಅಂತ ಬೆರಳಿಟ್ಟು ನೋಡಿದರು.

ನಂತರ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ತೆಗೆದರು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಪುಟ್ಟಿ ಮೆತ್ತಿದ್ದರೆ 500 ದಾಟುತ್ತದೆ. ಬಾನೆಟ್ 118, ಬಲ ಬಾಗಿಲು 125, ಟಾಪ್ 121. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಎಡಗಡೆ ಹಿಂದಿನ ಬಾಗಿಲಿಗೆ ಬಂದಾಗ 264 ತೋರಿಸಿತು. ಇನ್ನೊಂದು ಸಲ ಇಟ್ಟರು, 259. ಯಾವಾಗಲೋ ಆ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ! ನನಗೆ ಗೊತ್ತೇ ಇರಲಿಲ್ಲ. "ಇದನ್ನ ಮುಚ್ಚಿಡಬೇಡಿ" ಅಂದರು ಅವರು. "ನಾವೇ ಬರೆದುಬಿಟ್ಟರೆ ಮಿಕ್ಕಿದ್ದನ್ನ ಕಂಪನಿಯವರು ನಂಬ್ತಾರೆ."

ಆವತ್ತು ರಾತ್ರಿ ಅಪ್ಪನ ಹಳೇ ಪೆಟ್ಟಿಗೆ ತೆಗೆದೆ. ಸರ್ವಿಸ್ ಪುಸ್ತಕ, ಟೈರ್ ಬಿಲ್ಲು, ಬ್ಯಾಟರಿ ಬಿಲ್ಲು, ಎಲ್ಲ ದಾರದಲ್ಲಿ ಪೋಣಿಸಿಟ್ಟಿದ್ದರು. ಮಧ್ಯದಲ್ಲಿ ಒಂದು ಚೀಟಿ. "ಎಡ ಹಿಂದಿನ ಬಾಗಿಲು, ಗೀರು, ಪೇಂಟಿಂಗ್" ಅಂತ ಅವರದೇ ಅಕ್ಷರ. ತಾರೀಖು, ಗಾಡಿ ಓಡಿದ ಕಿಲೋಮೀಟರ್ ಸಮೇತ. ಆ ಚೀಟಿಯೂ ವರದಿಗೆ ಸೇರಿತು. ಎಷ್ಟು ಖುಷಿಯಾಯ್ತು ಅಂತ ಹೇಳಲಾರೆ.

ಪೂರ್ತಿ ಹೊಸ ಬಣ್ಣ ಹೊಡೆಸಿದರೆ ಬೆಲೆ ಏರುತ್ತೆ ಅಂತ ಕೆಲವರು ಸಲಹೆ ಕೊಟ್ಟಿದ್ದರು. ಸುಮ್ನೆ ಕೆಡಿಸಿಕೊಂಡ ಹಾಗಾಗುತ್ತಿತ್ತು. ಕಾರನ್ನು ಎಷ್ಟು ಸಲ ಬೇಕಾದರೂ ರಿಸ್ಟೋರ್ ಮಾಡಬಹುದು, ಆದರೆ ಅದು ಒರಿಜಿನಲ್ ಆಗಿರುವುದು ಒಂದೇ ಸಲ. ಸ್ಟೀರಿಂಗ್ ಮೇಲೆ ಸವೆದ ಜಾಗವನ್ನೂ ನಾನು ಹಾಗೇ ಬಿಟ್ಟಿದ್ದೇನೆ.

ವರದಿ ಇಟ್ಟುಕೊಂಡು ಮೂರು ಕಂಪನಿ ಕೇಳಿದೆ. ಒಪ್ಪಿದ ಬೆಲೆಗೆ ಬದಲಾಗಿ ಅವರದೂ ಷರತ್ತು ಇರುತ್ತವೆ. ರಾತ್ರಿ ಬೀಗ ಹಾಕಿದ ಜಾಗದಲ್ಲಿರಬೇಕು, ವರ್ಷಕ್ಕೆ ಇಷ್ಟೇ ಕಿಲೋಮೀಟರ್, ದಿನದ ಓಡಾಟಕ್ಕೆ ಬೇರೆ ಗಾಡಿ ಇರಬೇಕು, ಹೀಗೆ. ನನಗೆ ಅವೇನೂ ಕಷ್ಟವಾಗಲಿಲ್ಲ. ನಾನು ಪಟ್ಟುಹಿಡಿದು ಕೇಳಿದ್ದು ಎರಡು. ಟೋಟಲ್ ಲಾಸ್ ಆದರೂ ಉಳಿದ ಕಾರನ್ನು ವಾಪಸ್ ಕೊಳ್ಳುವ ಹಕ್ಕು ನನಗಿರಬೇಕು. ರಿಪೇರಿ ಎಲ್ಲಿ ಮಾಡಿಸಬೇಕು ಅನ್ನುವುದು ನನ್ನ ಆಯ್ಕೆಯಾಗಿರಬೇಕು. ಬಾಯಲ್ಲಿ ಮೂವರೂ ಹೂಂ ಅಂದರು. ಬರಹದಲ್ಲಿ ಕೊಟ್ಟಿದ್ದು ಒಬ್ಬರೇ. ಅವರ ಪ್ರೀಮಿಯಂ ಸ್ವಲ್ಪ ಜಾಸ್ತಿ ಇತ್ತು. ಆದರೂ ಅವರಲ್ಲೇ ಮಾಡಿಸಿದೆ.

ಈಗ ಪ್ರತಿ ವರ್ಷ ರಿನ್ಯೂವಲ್‌ಗೆ ಒಂದು ತಿಂಗಳು ಮುಂಚೆ, ಅವೇ ಹನ್ನೆರಡು ಕೋನದಿಂದ ಫೋಟೋ ತೆಗೆಯುತ್ತೇನೆ. ಮೀಟರಿನದ್ದೂ ಒಂದು. ಹೊಸ ಹರಾಜು ಬೆಲೆಗಳ ಜೊತೆ ಕಂಪನಿಗೆ ಕಳಿಸುತ್ತೇನೆ. ಒಪ್ಪಿದ ಬೆಲೆ ತಾನಾಗಿ ಏರುವುದಿಲ್ಲ, ನಾವೇ ಕೇಳಬೇಕು. ಕಾಗದಗಳೆಲ್ಲ ಮುಂಚೆ ಕಾರಿನ ಗ್ಲೋವ್ ಬಾಕ್ಸ್‌ನಲ್ಲೇ ಇರುತ್ತಿದ್ದವು. ಈಗ ಅಪ್ಪನ ಚೀಟಿಗಳ ಸಮೇತ ಒರಿಜಿನಲ್‌ಗಳು ಮನೆಯ ಬೀರುವಿನಲ್ಲಿವೆ, ಒಂದು ಕಾಪಿ ಅಕ್ಕನ ಮನೆಯಲ್ಲಿದೆ.