ಇಳಿಜಾರು ಸೈಟಿನಲ್ಲಿ ಮನೆ: ನೆಲ ಅಗೆಯುವ ಮುನ್ನ

ಇಳಿಜಾರು ಸೈಟು ಕೊಂಡವರಲ್ಲಿ ಬಹಳ ಮಂದಿ ಮೊದಲು ಜೆಸಿಬಿ ಕರೆಸಿ ನೆಲ ಸಮ ಮಾಡಿಸುತ್ತಾರೆ. ನಕ್ಷೆ ಸರಿಯಾಗಿದ್ದರೆ ಅಷ್ಟೊಂದು ಮಣ್ಣು ತೆಗೆಸುವ ಅಗತ್ಯವೇ ಬೀಳದು.

ಮೊದಲು ಕಾಂಟೂರ್ ಸರ್ವೆ, ಅಂದರೆ ನೆಲದ ಏರಿಳಿತದ ಅಳತೆ, ಮಾಡಿಸಿ. ಇಳಿಜಾರಿನ ವಿಷಯದಲ್ಲಿ ಕಣ್ಣಳತೆ ಕೈಕೊಡುತ್ತದೆ. ರಸ್ತೆಯಿಂದ ಹಿಂದಿನ ಬೇಲಿಯವರೆಗಿನ 20 ಮೀಟರಿನಲ್ಲಿ ನೆಲ 3 ಮೀಟರ್ ಇಳಿದಿದೆ ಎಂದುಕೊಳ್ಳಿ. ಅದು ಶೇ 15ರ ಇಳಿಜಾರು. ಅಲ್ಲಿ 10 ಮೀಟರ್ ಉದ್ದದ ಮನೆ ಕಟ್ಟಿದರೆ ಅದರಡಿ ನೆಲ ಒಂದೂವರೆ ಮೀಟರ್ ಇಳಿಯುತ್ತದೆ. ಹೆಚ್ಚುಕಡಿಮೆ ಅರ್ಧ ಮಹಡಿ! ಮನೆಯನ್ನು ಎರಡು ಮಟ್ಟಗಳಲ್ಲಿ ಕೂರಿಸಬಹುದೆಂದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಆಮೇಲೆ ನೀರು. ಜೋರು ಮಳೆಯಲ್ಲಿ ಕೊಡೆ ಹಿಡಿದು ಸೈಟಿಗೆ ಹೋಗಿ, ನೀರು ಎಲ್ಲಿಂದ ನುಗ್ಗಿ ಎಲ್ಲಿಗೆ ಹರಿಯುತ್ತದೆ ನೋಡಿ. ಮನೆಯ ಮೇಲ್ಮಗ್ಗುಲಲ್ಲಿ ಅಡ್ಡ ಚರಂಡಿಗೆ ನಕ್ಷೆಯಲ್ಲೇ ಜಾಗ ಬಿಡಿ. ಒಳಚರಂಡಿ ರಸ್ತೆಯಲ್ಲಿದ್ದು ಸೈಟು ತಗ್ಗಿನಲ್ಲಿದ್ದರೆ, ಕೆಳಮಟ್ಟದ ಬಚ್ಚಲ ನೀರು ತಾನಾಗಿ ಮೇಲೇರದು, ಪಂಪ್ ಬೇಕಾದೀತು. ಹಾಗಾಗಿ ಬಚ್ಚಲುಗಳನ್ನು ಆದಷ್ಟೂ ಮೇಲಿನ ಮಟ್ಟದಲ್ಲೇ ಇಡಿ.

ಕೋಣೆಗಳ ಹಂಚಿಕೆಗೆ ಅವಸರ ಬೇಡ. ಒಂದೂವರೆ ಮೀಟರ್ ಇಳಿಯಲು 15 ಸೆಂಟಿಮೀಟರಿನ 10 ಮೆಟ್ಟಿಲು ಬೇಕು. ಮಕ್ಕಳಿಗೆ ಅದು ಆಟ, ಮಂಡಿನೋವಿನ ಅಜ್ಜಿಗೆ ದಿನನಿತ್ಯದ ಶಿಕ್ಷೆ. ಮೆಟ್ಟಿಲ ಬದಲು ಗಾಲಿಕುರ್ಚಿಗೆ ಹೊಂದುವ 1:12ರ (12 ಮೀಟರ್ ಉದ್ದಕ್ಕೆ 1 ಮೀಟರ್ ಇಳಿಯುವ) ರ‍್ಯಾಂಪ್ ಮಾಡಲು ಹೊರಟರೆ 18 ಮೀಟರ್ ಉದ್ದ ಬೇಕು. ಸೈಟಿನ ಉದ್ದವೇ 20! ಆದ್ದರಿಂದ ಬಾಗಿಲು, ಅಡುಗೆಮನೆ, ಹಿರಿಯರ ಕೋಣೆ, ಒಂದು ಬಚ್ಚಲು ಇವಿಷ್ಟೂ ಒಂದೇ ಮಟ್ಟದಲ್ಲಿರಲಿ. ಕೆಳಗಿನ ಮಟ್ಟದಲ್ಲಿ ಮಣ್ಣಿಗೆ ತಾಗಿದ ಗೋಡೆಯ ಬಳಿ ತೇವ ಹೆಚ್ಚು, ಬೆಳಕೂ ಕಡಿಮೆ. ಅಲ್ಲಿ ಮೆಟ್ಟಿಲು, ಸಾಮಾನಿನ ಕೋಣೆ ಬರಲಿ; ಮಲಗುವ ಕೋಣೆಗಳ ಕಿಟಕಿಗಳು ತಗ್ಗಿನ ಕಡೆಗೆ ತೆರೆಯಲಿ.

ಪಾಯದ ವಿಷಯದಲ್ಲಿ ರಾಜಿ ಬೇಡ. ಅರ್ಧ ಮನೆ ಕಡಿದ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ತುಂಬಿದ ಕಡೆ ಕುಸಿದು ಗೋಡೆ ಬಿರುಕು ಬಿಡುತ್ತದೆ. ಪಾಯವನ್ನು ಎಲ್ಲ ಕಡೆಯೂ ಮೂಲ ಗಟ್ಟಿ ನೆಲಕ್ಕೆ ಇಳಿಸಿ. ಇಳಿಜಾರಿನುದ್ದಕ್ಕೂ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಸಬಹುದು, ಆದರೆ ಪ್ರತಿ ಮೆಟ್ಟಿಲ ತಳವೂ ಸಮತಟ್ಟಾಗಿರಬೇಕು.

ಮಣ್ಣು ಜಾರದಂತೆ ಹಿಡಿಯುವ ತಡೆಗೋಡೆ ಒಂದು ಮೀಟರಿಗಿಂತ ಎತ್ತರವಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ. ಅನೇಕ ತಡೆಗೋಡೆಗಳು ಬೀಳುವುದು ಹಿಂದೆ ನಿಂತ ನೀರಿನ ಒತ್ತಡದಿಂದ. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ತೂತು ಬಿಡಿಸಿ. ಬಾಡಿಗೆ ಮನೆಯ ಅವಧಿ ಮುಗಿಯುತ್ತಿದೆಯೆಂದು ಗೋಡೆಗೆ ಮುಂಚೆ ಮನೆ ಏಳಿಸಲು ಹೊರಡುವವರಿದ್ದಾರೆ. ಅಡ್ಡ ಚರಂಡಿ, ತಡೆಗೋಡೆ ಎರಡೂ ಮಳೆಗಾಲಕ್ಕೆ ಮೊದಲೇ ಮುಗಿದಿರಲಿ. ಅಗೆಯುವಾಗ ಬರುವ ಮೇಲ್ಪದರದ ಮಣ್ಣನ್ನು ಲಾರಿಗೆ ತುಂಬಿ ಕಳಿಸಬೇಡಿ, ಕೈತೋಟಕ್ಕೆ ಬೇರೆ ರಾಶಿ ಹಾಕಿಸಿ.