ಪೆಟ್ಟಿಗೆಯ ಬೀಗದ ಕೈ

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ದಿನ ನಮಗೆ ಕೆಲಸ ಜಾಸ್ತಿ. ದೊಡ್ಡವರು ಎಂದಿನಂತೆ ಕೆಲಸಕ್ಕೆ ಹೋಗಿರುತ್ತಾರೆ, ಮಕ್ಕಳು ಮನೆಯಲ್ಲಿ ಒಂಟಿ. ಮಕ್ಕಳ ಸಹಾಯವಾಣಿ 1098 ಅನ್ನು ಸಂಸ್ಥೆಗಳು ನಡೆಸುತ್ತಿದ್ದ ಕಾಲದಲ್ಲಿ ನಾನು ಉಡುಪಿಯಲ್ಲಿ ಅದರ ಕ್ಷೇತ್ರ ಕಾರ್ಯಕರ್ತೆಯಾಗಿದ್ದೆ. 2023ರಲ್ಲಿ ಸರಕಾರವೇ ಅದನ್ನು ವಹಿಸಿಕೊಂಡು ತುರ್ತು ಕರೆಯ ನಂಬರು 112ಕ್ಕೆ ಜೋಡಿಸಿತು. ಆಮೇಲೆ ನಾನು ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ಮಕ್ಕಳ ಜೊತೆ ನಿಲ್ಲುವ ‘ಬೆಂಬಲ ವ್ಯಕ್ತಿ’ಯ ಕೆಲಸಕ್ಕೆ ಬಂದೆ. ನನ್ನ ನಂಬರು ಮಾತ್ರ ಹಳೆಯದೇ. ಶಾಲೆಗಳಲ್ಲಿ ಮಾಹಿತಿ ಕೊಡಲು ಹೋದಾಗ ಬೋರ್ಡಿನ ಮೇಲೆ ಬರೆದು ಬರುತ್ತಿದ್ದೆನಲ್ಲ, ಹಾಗೆ ಎಷ್ಟೋ ಮನೆಗಳಲ್ಲಿ ಅದು ಉಂಟು.

2024ರ ಆಟಿ ತಿಂಗಳು, ಅಂದರೆ ಜುಲೈ–ಆಗಸ್ಟ್ ನಡುವಿನ ಮಳೆಗಾಲ. ಸಂಜೆ ಏಳಕ್ಕೆ ಒಬ್ಬರು ತಾಯಿಯ ಫೋನು. ಮಗಳು ಹತ್ತನೇ ಕ್ಲಾಸು, ಹದಿನೈದು ವರ್ಷ. ಶಾಲೆಗೆ ರಜೆಯಾದರೂ ಟ್ಯೂಷನ್ ಉಂಟು ಎಂದು ಹೇಳಿ ಬೆಳಿಗ್ಗೆ ಹೊರಟಿದ್ದಾಳೆ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಬೇರೆ ಮಕ್ಕಳನ್ನು ಕೇಳಿದರೆ ಅಂದು ಟ್ಯೂಷನ್ನೇ ಇರಲಿಲ್ಲವಂತೆ. ಟ್ಯೂಷನ್ ಕೊಡುವ, ಅವಳ ಶಾಲೆಯದೇ ಗಣಿತದ ಮಾಷ್ಟ್ರ ಫೋನು ಸ್ವಿಚ್ ಆಫ್, ಬಾಡಿಗೆ ಮನೆಗೆ ಬೀಗ.

ಇಷ್ಟು ಸಾಕಾಗಿತ್ತು. ನಾನು ಅವರ ಮನೆ ಮುಟ್ಟುವಾಗ ಅಂಗಳದಲ್ಲಿ ಇಪ್ಪತ್ತು ಜನ, ಎಲ್ಲರ ಬಾಯಲ್ಲೂ ಒಂದೇ ಮಾತು: ಮಾಷ್ಟ್ರ ಒಟ್ಟಿಗೆ ಹೋಗಿದ್ದಾಳೆ. ತಂದೆ ರಿಕ್ಷಾ ಓಡಿಸುವವರು. ಅವರ ರಿಕ್ಷಾ ಪಾರ್ಕಿನ ಹುಡುಗರು ಆಗಲೇ ಮಾಷ್ಟ್ರ ಮನೆಯ ಕಿಟಕಿ ಗಾಜು ಒಡೆದು ಬಂದಿದ್ದರು. ‘ಅವನು ಯಾವ ಜನ ಮಾರ್ರೆ?’ ಎಂದು ಒಬ್ಬ ಕೇಳಿದ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ತಡವಾಗಿ ಬಂದ ದಿನವೇ ಇಲ್ಲ. ಹುಡುಗಿಯ ಮನೆಯವರದೇ ಜನ ಎಂದು ತಿಳಿದಾಗ ಅವನಿಗೆ ತುಸು ನಿರಾಸೆಯೇ ಆದಂತೆ ನನಗೆ ಕಂಡಿತು.

(ಗುರುತು ಸಿಗಬಾರದೆಂದು ಇಲ್ಲಿ ಊರು, ಶಾಲೆ ಯಾವುದನ್ನೂ ಹೇಳುವುದಿಲ್ಲ, ಕೆಲವು ವಿವರ ಬದಲಿಸಿಯೂ ಇದ್ದೇನೆ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಪೋಕ್ಸೋ ಪ್ರಕಾರವೂ ಬಾಲನ್ಯಾಯ ಕಾಯ್ದೆ ಪ್ರಕಾರವೂ ಅಪರಾಧ.)

ನನ್ನ ಕೆಲಸದ ರೀತಿ ಹೀಗೆ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಎಡ ಪುಟದಲ್ಲಿ ಒಬ್ಬರು ಕಣ್ಣಾರೆ ಕಂಡದ್ದು ಮಾತ್ರ: ಯಾರು ಕಂಡರು, ಎಷ್ಟು ಗಂಟೆಗೆ, ಎಲ್ಲಿ. ಬಲ ಪುಟದಲ್ಲಿ ‘ಅಂತೆ’ಗಳು. ಆ ರಾತ್ರಿ ಒಂಬತ್ತಕ್ಕೆ ಬಲ ಪುಟ ತುಂಬಿ ಮಗುಚಿಯಾಗಿತ್ತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡರಂತೆ, ಇಂದ್ರಾಳಿ ರೈಲ್ವೆ ಸ್ಟೇಷನ್ನಿನಲ್ಲಿ ಮುಂಬೈಯ ಮತ್ಸ್ಯಗಂಧ ರೈಲು ಹತ್ತಿದರಂತೆ, ಮುಂಬೈಯಲ್ಲಿ ಮಾಷ್ಟ್ರ ಭಾವ ಇದ್ದಾರಂತೆ. ಎಡ ಪುಟದಲ್ಲಿ ಇದ್ದದ್ದು ನಾಲ್ಕೇ ಸಾಲು. ತಮ್ಮ ಅವಳನ್ನು ಗೇಟಿನ ಹತ್ತಿರ ಕಂಡದ್ದು ಹತ್ತೂಕಾಲಕ್ಕೆ. ಫೋನು ಮನೆಯಲ್ಲೇ ಬಿಟ್ಟಿದ್ದಾಳೆ, ಅದರಲ್ಲಿ ಮೆಸೇಜು ಒಂದೂ ಇಲ್ಲ, ಎಲ್ಲ ಅಳಿಸಿದೆ. ಎರಡು ಚೂಡಿದಾರ ಮತ್ತು ಡಬ್ಬಿಯಲ್ಲಿಟ್ಟ ದುಡ್ಡು ಕಾಣುವುದಿಲ್ಲ. ಪಠ್ಯಪುಸ್ತಕಗಳನ್ನು ತೆಗೆದುಕೊಂಡು ಹೋಗಿದ್ದಾಳೆ, ಗಣಿತದ್ದೊಂದು ಬಿಟ್ಟು.

ನಾಲ್ಕನೆಯ ಸಾಲನ್ನು ನಾನೇ ಬರೆದೆ, ನಾನೇ ಓದಲಿಲ್ಲ.

ಠಾಣೆಯಲ್ಲಿ ಇದ್ದವರು ‘ಬೆಳಿಗ್ಗೆವರೆಗೆ ನೋಡಿ, ನೆಂಟರ ಮನೆಗೆ ಹೋಗಿರಬಹುದು’ ಎಂದರು. ಇದನ್ನು ಕೇಳಿ ಕೇಳಿ ನನಗೆ ಉತ್ತರ ಬಾಯಿಪಾಠ. ಕಾಣೆಯಾದವರು ಹದಿನೆಂಟರ ಒಳಗಿನವರಾದರೆ ಕಾಯುವ ಮಾತಿಲ್ಲ, ಅಪಹರಣ ಎಂದೇ ಭಾವಿಸಿ ಎಫ್‌ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟು ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಜೋರು ಮಾಡಬಾರದು, ಜಗಳ ಮಾಡಿದರೆ ಪೆನ್ನು ಇನ್ನೂ ನಿಧಾನವಾಗುತ್ತದೆ. ತೀರ್ಪಿನ ಪ್ರತಿ ನನ್ನ ಬ್ಯಾಗಿನಲ್ಲೇ ಇರುತ್ತದೆ, ಮೇಜಿನ ಮೇಲಿಟ್ಟು ಸುಮ್ಮನೆ ಕೂರುತ್ತೇನೆ. ಐಪಿಸಿಯ ಬದಲಿಗೆ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಜುಲೈ 1ರಿಂದಷ್ಟೇ ಬಂದಿತ್ತು. ಬರೆಯುವವರ ಬಾಯಿಗೆ ಅಪಹರಣಕ್ಕೆ ಐಪಿಸಿ 363 ಎಂದೇ ಬರುತ್ತಿತ್ತು, ಎರಡು ಸಲ ಹೊಡೆದುಹಾಕಿ ಬಿಎನ್‌ಎಸ್ 137 ಎಂದು ಬರೆದರು. ಹತ್ತೂವರೆ ದಾಟಿತ್ತು.

ಆಗ ಎಸ್‌ಐ ನನ್ನನ್ನು ಕೇಳಿದರು, ‘ನಿಮಗೆ ಎಂತ ಅನ್ನಿಸ್ತದೆ ಮೇಡಂ?’ ನಾನು ಹೇಳಿದೆ, ‘ಮಾಷ್ಟ್ರ ಒಟ್ಟಿಗೇ ಇರಬೇಕು ಸರ್.’

ಬಲ ಪುಟದ ಮಾತನ್ನು ನಾನು ಬಾಯಾರೆ ಎಡ ಪುಟಕ್ಕೆ ಸೇರಿಸಿದ್ದು ಹೀಗೆ. ಊರು ಹೇಳಿದರೆ ಅದು ಗಾಳಿಮಾತು, ನಾನು ಹೇಳಿದರೆ ಪೊಲೀಸರಿಗೆ ಅದು ದಿಕ್ಕು. ಮಾಷ್ಟ್ರ ಹೆಂಡತಿಯ ಮನೆ ತೀರ್ಥಹಳ್ಳಿ ಬದಿ ಎಂದು ತಿಳಿದು ಜೀಪು ಆ ಮಳೆಯಲ್ಲಿ ಆಗುಂಬೆ ಘಾಟಿ ಹತ್ತಿತು. ಬೆಳಗಿನ ಜಾವ ಮೂರಕ್ಕೆ ಮಾಷ್ಟ್ರು ಸಿಕ್ಕಿದರು. ಅತ್ತೆಗೆ ಹುಷಾರಿಲ್ಲವೆಂದು ಹಿಂದಿನ ರಾತ್ರಿಯೇ ಹೋಗಿದ್ದವರು, ಹೊದ್ದು ಮಲಗಿದ್ದರು. ಅಲ್ಲಿ ಸಿಗ್ನಲ್ ಇಲ್ಲ. ಹುಡುಗಿಯ ಸುದ್ದಿಯೇ ಅವರಿಗೆ ಗೊತ್ತಿಲ್ಲ. ಹೊರಟ ಸಮಯಕ್ಕೆ ಸಾಕ್ಷಿ ಉಂಟು, ಬಸ್ಸಿನ ಟಿಕೆಟು ಉಂಟು.

ಬೆಳಿಗ್ಗೆ ಆರಕ್ಕೆ ಊರಿನ ಮಾತು ತಿರುಗಿತು. ‘ಪಾಪ ಮಾಷ್ಟ್ರು, ಸುಮ್ಮನೆ ಮರ್ಯಾದೆ ತೆಗೆದರು.’ ಕಿಟಕಿ ಒಡೆದವರೇ ಗಾಜು ಹಾಕಿಸಿಕೊಡುವ ಮಾತಾಡಿದರು. ಶಾಲೆಯವರು ಫೋನ್ ಮಾಡಿ, ‘ನಮ್ಮ ಸ್ಟಾಫಿನ ಹೆಸರು ಇನ್ನು ಎಲ್ಲೂ ಬರಬಾರದು’ ಎಂದರು. ನನಗೂ ಮನಸ್ಸಿಗೆ ಹಗುರವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ನಾನು ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿಗೆ ಹೋದೆ. ನಮ್ಮ ಕಡೆ ಮಕ್ಕಳನ್ನು ಹುಡುಕುವವರಿಗೆ ಸಿಸಿ ಕ್ಯಾಮೆರಾಕ್ಕಿಂತ ಮೊದಲು ಒದಗುವವರು ಖಾಸಗಿ ಬಸ್ಸಿನ ಕಂಡಕ್ಟರುಗಳು. ಯಾವ ಹುಡುಗಿ ಎಲ್ಲಿ ಹತ್ತುತ್ತಾಳೆ, ಯಾರಿಗೆ ಪಾಸು, ಯಾರ ಹತ್ತಿರ ಚಿಲ್ಲರೆ ಇರುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಆದರೆ ಕೇಳುವ ಕ್ರಮ ಉಂಟು. ಫೋಟೋ ತೋರಿಸಿ ‘ಇವಳನ್ನು ಕಂಡಿದ್ದೀರಾ’ ಎಂದರೆ ಎಲ್ಲರೂ ಕಂಡಿರುತ್ತಾರೆ, ಉಪಕಾರ ಮಾಡುವ ಆಸೆ. ನಾನು ಕೇಳುವುದು, ‘ನಿನ್ನೆ ಹನ್ನೊಂದರ ಒಳಗೆ, ದಿನಾ ನಿಮ್ಮ ಲೈನಿನಲ್ಲಿ ಬಾರದ ಶಾಲೆಯ ಮಗು ಯಾರಾದರೂ ಹತ್ತಿದೆಯಾ?’ ಟೈಂಕೀಪರ್ ಮೂಲಕ ಬಸ್ಸಿನಿಂದ ಬಸ್ಸಿಗೆ ಸುದ್ದಿ ಹೋಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಆ ಹೊತ್ತಿನಲ್ಲಿ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತು ನೋಟ್‌ಬುಕ್ ತೆರೆದೆ. ಗಣಿತದ್ದೊಂದು ಬಿಟ್ಟು. ಪ್ರೇಮವೆಂದು ಓಡುವವಳು ಸಮಾಜ ವಿಜ್ಞಾನದ ಪುಸ್ತಕ ಹೊತ್ತುಕೊಂಡು ಹೋಗುತ್ತಾಳಾ? ಇವಳು ಪರೀಕ್ಷೆ ಬರೆಯುವ ಅಂದಾಜಿನಲ್ಲೇ ಹೊರಟವಳು. ಬೇಡವಾದದ್ದು ಗಣಿತ ಮಾತ್ರ.

ಅವಳ ಕ್ಲಾಸಿನ ಇಬ್ಬರು ಹುಡುಗಿಯರ ಮನೆಗೆ ಹೋದೆ. ಹಿಂದಿನ ರಾತ್ರಿ ಎಲ್ಲರೂ ಅವರನ್ನು ಕೇಳಿದ್ದು ‘ಅವಳಿಗೂ ಮಾಷ್ಟ್ರಿಗೂ ಏನಿತ್ತು’ ಎಂದು. ಅವರು ತಲೆ ತಗ್ಗಿಸಿ ‘ಗೊತ್ತಿಲ್ಲ’ ಎಂದಿದ್ದರು. ನಾನು ಅವಳ ವಿಷಯವನ್ನೇ ಎತ್ತಲಿಲ್ಲ. ‘ಆ ಟ್ಯೂಷನ್ನನ್ನು ಮಧ್ಯದಲ್ಲಿ ಬಿಟ್ಟವರು ಯಾರ್ಯಾರು?’ ಎಂದು ಕೇಳಿದೆ. ಒಬ್ಬಳು ಅಮ್ಮನ ಮುಖ ನೋಡಿದಳು. ಅಮ್ಮನಿಗೆ ಒಳಗಿಂದ ನೀರು ತರಲು ಹೇಳಿದೆ. ಆ ಎರಡು ನಿಮಿಷದಲ್ಲಿ ಮೂರು ಹೆಸರು ಬಂತು. ಅದರಲ್ಲೊಂದು, ಎರಡು ವರ್ಷದ ಹಿಂದೆ ನಡುವರ್ಷದಲ್ಲೇ ಟಿಸಿ ತೆಗೆದುಕೊಂಡು ಕಾರ್ಕಳ ಬದಿಗೆ ಹೋದ ಹುಡುಗಿ. ‘ಅವಳು ಆ ಅಕ್ಕನ ಹತ್ತಿರ ತುಂಬ ಮಾತಾಡ್ತಿದ್ದಳು’ ಎಂದಳು.

ಒಂಬತ್ತೂವರೆಗೆ ಟೈಂಕೀಪರ್ ಫೋನು. ಮಣಿಪಾಲ–ಹಿರಿಯಡ್ಕ–ಕಾರ್ಕಳ ಲೈನಿನ ಕಂಡಕ್ಟರಿಗೆ ನೆನಪುಂಟು: ಭಾರದ ಬ್ಯಾಗು, ಮುರಿದ ಕಡ್ಡಿಯ ಕೊಡೆ, ಒಬ್ಬಳೇ.

ಮಹಿಳಾ ಎಸ್‌ಐಯನ್ನು ಯೂನಿಫಾರಂ ಇಲ್ಲದೆ ಬರಲು ಕೇಳಿಕೊಂಡೆ. ಪೋಕ್ಸೋ ಪ್ರಕಾರ ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಈ ಹುಡುಗಿಯ ವಿಷಯದಲ್ಲಿ ಆ ಕಾಯ್ದೆ ಬರಬಹುದೆಂದು ನನಗೆ ಅಷ್ಟರಲ್ಲಿ ಅನ್ನಿಸಿತ್ತು. ಟಿಸಿ ತೆಗೆದುಕೊಂಡು ಹೋದ ಆ ದೊಡ್ಡ ಹುಡುಗಿಯದು ಸಣ್ಣ ಹೆಂಚಿನ ಮನೆ. ಜಗಲಿಯಲ್ಲಿ ಮನೆಯ ಹೆಂಗಸು ಬೀಡಿ ಕಟ್ಟುತ್ತಿದ್ದರು, ನಮ್ಮ ಹುಡುಗಿ ಪಕ್ಕದಲ್ಲಿ ಕೂತು ಕತ್ತರಿಯಲ್ಲಿ ಎಲೆ ಕತ್ತರಿಸುತ್ತಿದ್ದಳು. ಆ ಹೆಂಗಸಿಗೆ ಏನೂ ಗೊತ್ತಿಲ್ಲ. ‘ಮಳೆಯ ರಜೆಗೆ ಮಗಳ ಫ್ರೆಂಡು ಬಂದದ್ದಲ್ಲವಾ?’ ಎಂದು ನಮಗೂ ಚಹಾಕ್ಕಿಟ್ಟರು.

ಹುಡುಗಿ ನನ್ನನ್ನು ನೋಡಿ ಓಡಲಿಲ್ಲ, ಅಳಲಿಲ್ಲ. ‘ಅಕ್ಕ, ನಾನು ಅವರ ಒಟ್ಟಿಗೆ ಓಡಿದೆ ಅಂತ ಸ್ಟೇಟಸ್ ಹಾಕಿದ್ದಾರಂತೆ, ಹೌದಾ?’ ಎಂದು ಕೇಳಿದಳು. ದೊಡ್ಡ ಹುಡುಗಿಯ ಫೋನಿನಲ್ಲಿ ತನ್ನದೇ ಫೋಟೋ ನೋಡಿದ್ದಳು. ರಾತ್ರಿಯೇ ಮನೆಗೆ ಫೋನ್ ಮಾಡಬೇಕೆಂದಿದ್ದವಳು ಅದನ್ನು ನೋಡಿ ಬಿಟ್ಟಳಂತೆ.

ಅವಳು ಹೋದದ್ದು ಮಾಷ್ಟ್ರ ಒಟ್ಟಿಗಲ್ಲ, ಮಾಷ್ಟ್ರಿಂದ. ಐದು ತಿಂಗಳಿನಿಂದ ರಾತ್ರಿ ಹನ್ನೊಂದರ ಮೇಲೆ ಮೆಸೇಜುಗಳು. ಏನಿತ್ತು ಎಂಬುದು ಕೋರ್ಟಿಗೆ ಬಿಟ್ಟ ವಿಷಯ. ಮೊದಲು ಇದೇ ಆಗಿದ್ದು ದೊಡ್ಡ ಹುಡುಗಿಗೆ. ಇಬ್ಬರಿಗೂ ಹೇಳಿದ ಮಾತು ಒಂದೇ: ಹೊರಗೆ ಹೇಳಿದರೆ ಇಂಟರ್ನಲ್ ಮಾರ್ಕು ನನ್ನ ಕೈಯಲ್ಲಿ.

ಆಮೇಲಿನದ್ದು ನಿಯಮದಂತೆ ನಡೆಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದೆವು, ಸಮಿತಿ ತಾಯಿಯ ಜೊತೆಗೇ ಕಳುಹಿಸಿತು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆಯಾಯಿತು. ಒಬ್ಬ ಮಾವ ಬಂದು ‘ಹುಡುಗಿಯ ಟೆಸ್ಟ್ ಮಾಡಿಸಿ, ಏನೂ ಆಗಲಿಲ್ಲ ಅಂತ ಬರೆಸಿ ಕೊಡಿ’ ಎಂದರು. ಅವರ ಮನಸ್ಸಿನಲ್ಲಿ ಯಾವ ಟೆಸ್ಟ್ ಇತ್ತೋ ಅದನ್ನು, ಆ ‘ಎರಡು ಬೆರಳಿನ ಪರೀಕ್ಷೆ’ಯನ್ನು, ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ನಿಷೇಧವೆಂದು ಮತ್ತೆ ಖಡಾಖಂಡಿತ ಹೇಳಿದೆ. ಮಾಡುವ ವೈದ್ಯರ ಮೇಲೆಯೇ ಕ್ರಮವಾಗುತ್ತದೆ ಎಂದೆ. ಮಾವ ಮತ್ತೆ ಬರಲಿಲ್ಲ.

ಕಷ್ಟವಾದದ್ದು ಬೇರೆ. ಈಗ ಯಾರೂ ನಂಬುವುದಿಲ್ಲ. ‘ನಿನ್ನೆ ಪೊಲೀಸರೇ ಮಾಷ್ಟ್ರು ಕ್ಲೀನ್ ಅಂದರಲ್ಲ. ಮನೆಯಲ್ಲಿ ಬೈಗುಳ ತಪ್ಪಿಸಲು ಹುಡುಗಿ ಕತೆ ಕಟ್ಟುತ್ತಿದ್ದಾಳೆ.’ ರಾತ್ರಿ ಮಾಡದ ತಪ್ಪಿಗೆ ಕಲ್ಲು ತಿಂದ ಮನುಷ್ಯನಿಗೆ, ಮಾಡಿದ್ದರ ಮೇಲೆ ಹಗಲಿನಲ್ಲಿ ಊರೇ ಕೊಡೆ ಹಿಡಿಯಿತು. ಆ ಕೊಡೆಯ ಒಂದು ಕಡ್ಡಿ ನನ್ನದು. ‘ಒಟ್ಟಿಗೇ ಇರಬೇಕು ಸರ್’ ಎಂದು ನಾನು ಹೇಳದೆ ಇದ್ದಿದ್ದರೆ, ಜೀಪು ಘಾಟಿ ಹತ್ತದೆ ಇದ್ದಿದ್ದರೆ, ‘ಕ್ಲೀನ್’ ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಶಾಲೆಯವರು ‘ನಾವು ಒಳಗೇ ವಿಚಾರಣೆ ಮಾಡ್ತೇವೆ, ಪೊಲೀಸು ಬೇಡ’ ಎಂದು ಒಂದು ವಾರ ಎಳೆಯಲು ನೋಡಿದರು. ಗೊತ್ತಿದ್ದೂ ತಿಳಿಸದಿದ್ದರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ಪೋಕ್ಸೋ 21ನೇ ಸೆಕ್ಷನ್, ಎಂದು ಓದಿ ಹೇಳಿದ ಮೇಲೆ ದಾಖಲೆ ಕೊಟ್ಟರು. ಪ್ರಕರಣ ನಿಂತದ್ದು ದೊಡ್ಡ ಹುಡುಗಿಯಿಂದ. ಅವಳು ಹಳೆಯ ಫೋನನ್ನು ಎಸೆದಿರಲಿಲ್ಲ. ಪರದೆ ಒಡೆದ ಆ ಫೋನು ಅಕ್ಕಿ ಡಬ್ಬಿಯ ಹಿಂದೆ ಎರಡು ವರ್ಷ ಇತ್ತು.

ಫೋಟೋ ಅಳಿಸುವ ಕೆಲಸ ಇನ್ನೊಂದು. ಮಗು ಸಿಕ್ಕಿದ ಕೂಡಲೇ ಹರಡಿದ ಫೋಟೋ ಅಳಿಸಬೇಕು. ಹಾಕುವಾಗಿನ ಉತ್ಸಾಹ ಅಳಿಸುವಾಗ ಇರುವುದಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದೆ, ಮೂರು ದಿನ. ‘ಒಳ್ಳೆಯದಕ್ಕೇ ಹಾಕಿದ್ದು ಮೇಡಂ’ ಎಂದು ಹೆಚ್ಚುಕಡಿಮೆ ಎಲ್ಲರೂ ಹೇಳಿದರು.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಈ ಬರಹ ಅರ್ಧ. ಆ ಶಾಲೆಗೆ ನಾನೇ 2022ರಲ್ಲಿ ಹೋಗಿದ್ದೆ. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ, 1098, ಎಲ್ಲ ಹೇಳಿ, ‘ಬಾಯಲ್ಲಿ ಹೇಳಲಾಗದಿದ್ದರೆ ಬರೆದು ದೂರು ಪೆಟ್ಟಿಗೆಗೆ ಹಾಕಿ’ ಎಂದು ಬಂದಿದ್ದೆ. ಹೇಳಿಕೆಯೆಲ್ಲ ಮುಗಿದ ಮೇಲೆ ಒಂದು ದಿನ ದೊಡ್ಡ ಹುಡುಗಿಯನ್ನು ಕೇಳಿದೆ, ‘ನೀನು ಅಂದು ಪೆಟ್ಟಿಗೆಗೆ ಹಾಕಬಹುದಿತ್ತಲ್ಲ ಮಗಾ?’

‘ಹಾಕಿದ್ದೆ ಅಕ್ಕ. ಅದರ ಕೀ ಇದ್ದದ್ದು ಅವರ ಹತ್ತಿರವೇ.’

ಶಾಲೆಯ ಮಕ್ಕಳ ಸುರಕ್ಷಾ ಸಮಿತಿಗೆ ಅವರೇ ಸಂಚಾಲಕರು. ಅಂದು ನನಗೆ ಹೂ ಕೊಟ್ಟು ಸ್ವಾಗತಿಸಿದ್ದೂ ಅವರೇ ಇರಬೇಕು. ಫೋಟೋ ಹುಡುಕಿದರೆ ಸಿಗಬಹುದು, ನಾನು ಹುಡುಕಲಿಲ್ಲ.

ಈಗ ಯಾವ ಶಾಲೆಗೆ ಹೋದರೂ ಮೈಕು ಹಿಡಿಯುವ ಮೊದಲು ಪೆಟ್ಟಿಗೆ ಎಲ್ಲಿ, ಕೀ ಯಾರ ಹತ್ತಿರ, ಕೊನೆಗೆ ತೆರೆದದ್ದು ಯಾವಾಗ, ತೆರೆಯುವಾಗ ಹೊರಗಿನವರು ಯಾರಿದ್ದರು ಎಂದು ಕೇಳುತ್ತೇನೆ. ಹೋದ ತಿಂಗಳು ಒಂದು ಕಡೆ ಹೆಡ್‌ಮಾಸ್ಟರು, ‘ಕೀ ಕಳೆದುಹೋಗಿ ತುಂಬ ಸಮಯವಾಯಿತು ಮೇಡಂ, ಅದರಲ್ಲಿ ಯಾರೂ ಏನೂ ಹಾಕುವುದಿಲ್ಲ’ ಎಂದರು. ಗೋಡೆಯಿಂದ ತೆಗೆದು ಅಲ್ಲಾಡಿಸಿದೆ. ಒಳಗೆ ಕಾಗದದ ಸದ್ದು. ರಸ್ತೆಯಾಚೆಯ ಗ್ಯಾರೇಜಿನಿಂದ ಹುಡುಗನೊಬ್ಬನನ್ನು ಕರೆಸಿ ಬೀಗ ಒಡೆಸಿದೆ. ಹದಿನಾಲ್ಕು ಚೀಟಿ ಇತ್ತು. ಹನ್ನೆರಡು ಬಿಸಿಯೂಟದ ಸಾಂಬಾರಿನ ಬಗ್ಗೆ.