‘ಬ್ರೇಕ್’ ಅಂದರೆ ಬರೀ ಒಡೆಯುವುದಲ್ಲ

ಇಂಗ್ಲಿಷ್ ಓದುವಾಗ ‘ಬ್ರೇಕ್’ ಕಂಡ ಕೂಡಲೇ ‘ಒಡೆ’ ಎಂದುಕೊಂಡು ಮುಂದೆ ಹೋಗಬೇಡಿ. ಅದರ ಪಕ್ಕದ ಪದ ನೋಡಿ. ಬ್ರೇಕ್ ಆದದ್ದು ಕೈಗೆ ಸಿಗುವ ವಸ್ತುವೋ, ಅಲ್ಲವೋ? ಅರ್ಧ ಗೊಂದಲ ಇಷ್ಟರಲ್ಲೇ ಹೋಗುತ್ತದೆ.

ವಸ್ತುವಾದರೆ ನೇರ ಅರ್ಥ. ಆದರೆ ಅದನ್ನು ಕನ್ನಡದಲ್ಲಿ ಹೇಳುವಾಗ ಹುಷಾರು, ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವುದನ್ನು ನಾವು ವಸ್ತು ನೋಡಿ ಬೇರೆ ಬೇರೆಯಾಗಿ ಹೇಳುತ್ತೇವೆ: ಗಾಜು ಒಡೆಯುತ್ತದೆ, ಕೋಲು ಮುರಿಯುತ್ತದೆ, ದಾರ ಹರಿಯುತ್ತದೆ. ಗಡಿಯಾರ ‘ಬ್ರೋಕನ್’ ಅಂದರೆ ಚೂರಾಗಿರಬೇಕಿಲ್ಲ, ಸುಮ್ನೆ ಕೆಟ್ಟು ನಿಂತಿದ್ದರೂ ಹಾಗೇ ಹೇಳುತ್ತಾರೆ.

ವಸ್ತು ಅಲ್ಲವಾದರೆ ಇನ್ನೊಂದು ಪ್ರಶ್ನೆ ಕೇಳಿ. ನಡೆಯುತ್ತಿದ್ದದ್ದು ನಡುವೆ ನಿಂತಿತಾ, ಇಲ್ಲಾ ಅಡ್ಡ ಇದ್ದದ್ದನ್ನು ದಾಟಿದರಾ? ‘ಬ್ರೇಕ್‌ಫಾಸ್ಟ್’ ಮೊದಲನೆಯ ಬಗೆ. ಅದರೊಳಗಿನ ‘ಫಾಸ್ಟ್’ ವೇಗವಲ್ಲ, ಉಪವಾಸ. ರಾತ್ರಿಯಿಡೀ ನಡೆದ ಉಪವಾಸ ಅಲ್ಲಿ ಮುರಿಯುತ್ತದೆ. ಕೆಲಸದ ನಡುವಿನ ಬ್ರೇಕ್ ಕೂಡ ಇದೇ ಜಾತಿ. ಕಾನೂನು, ದಾಖಲೆ ಎರಡನೆಯ ಬಗೆಗೆ ಬರುತ್ತವೆ. ‘ಬ್ರೇಕ್ ದಿ ಐಸ್’ ಅಂದಾಗ ಹೆಪ್ಪುಗಟ್ಟಿದ ನೀರನ್ನು ಒಡೆದುಕೊಂಡು ಮುಂದೆ ಸಾಗುವ ಹಡಗನ್ನು ನೆನೆಸಿಕೊಳ್ಳಿ, ಹೊಸಬರ ನಡುವಿನ ಬಿಗುವು ಸಡಿಲಾಗಿ ಮಾತು ಶುರುವಾಗುವುದು ತಾನಾಗೇ ಅರ್ಥವಾಗುತ್ತದೆ.

ಜಾಸ್ತಿ ಜನ ಎಡವುವುದು ಮನಸ್ಸಿನ ವಿಷಯದಲ್ಲಿ. ‘ಹಾರ್ಟ್ ಬ್ರೇಕ್’ ಆಯಿತು ಅನ್ನುವುದನ್ನು ‘ಮನಸ್ಸು ಮುರಿಯಿತು’ ಎಂದು ಬರೆದರೆ ಕನ್ನಡ ಓದುಗರಿಗೆ ಬೇರೆಯೇ ಕೇಳಿಸುತ್ತದೆ. ನಮ್ಮಲ್ಲಿ ಮನಸ್ಸು ಮುರಿಯುವುದು ಇಬ್ಬರ ನಡುವಿನ ವಿಶ್ವಾಸ ಹೋದಾಗ. ದುಃಖಕ್ಕಾದರೆ ‘ಎದೆ ಒಡೆದುಹೋಯಿತು’ ಅನ್ನಿ. ಕೊಟ್ಟ ಮಾತು ಬ್ರೇಕ್ ಆದರೆ ‘ಮಾತಿಗೆ ತಪ್ಪಿದ’, ಕೆಟ್ಟ ಸುದ್ದಿಯನ್ನು ಯಾರಿಗಾದರೂ ಬ್ರೇಕ್ ಮಾಡಿದರೆ ‘ಮೆಲ್ಲಗೆ ತಿಳಿಸಿದ’. ಇಂಗ್ಲಿಷ್‌ನಲ್ಲಿ ಹಗಲು ಕೂಡ ಬ್ರೇಕ್ ಆಗುತ್ತದೆ, ‘ಡೇ ಬ್ರೇಕ್ಸ್’ ಅನ್ನುತ್ತಾರೆ! ನಾವು ‘ಬೆಳಕು ಹರಿಯಿತು’ ಅನ್ನುತ್ತೇವೆ, ಎಷ್ಟು ಚೆನ್ನಾಗಿದೆ ಅಲ್ವಾ, ಇಂಥ ಮಾತು ಕೈಯಲ್ಲೇ ಇರುವಾಗ ಅನುವಾದಕ್ಕೆ ಒದ್ದಾಡುವುದೇಕೆ.

ಬೆನ್ನಿಗೆ ಬರುವ ಪುಟ್ಟ ಪದವನ್ನೂ ಬಿಡಬೇಡಿ. ‘ಡೌನ್’ ಸೇರಿದರೆ ಗಾಡಿ ಕೆಟ್ಟು ನಿಲ್ಲುತ್ತದೆ, ಮನುಷ್ಯ ಅತ್ತುಬಿಡುತ್ತಾನೆ. ‘ಅಪ್’ ಸೇರಿದರೆ ಸಂಬಂಧ ಮುಗಿಯಿತು. ‘ಔಟ್’ ಸೇರಿದರೆ ಬೆಂಕಿಯೋ ರೋಗವೋ ಯುದ್ಧವೋ ಇದ್ದಕ್ಕಿದ್ದಂತೆ ಶುರುವಾಯಿತು. ಇವನ್ನು ಬಿಡಿಬಿಡಿಯಾಗಿ ಕಲಿಯದೆ ಜೋಡಿಯಾಗಿಯೇ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ, ನೆನಪಿನಲ್ಲಿ ಉಳಿಯುತ್ತವೆ.

‘ಐ ಆಮ್ ಬ್ರೋಕ್’ ಅಂದವರ ಕೈಯಲ್ಲಿ ಕಾಸಿಲ್ಲ, ‘ಐ ಆಮ್ ಬ್ರೋಕನ್’ ಅಂದವರು ಒಳಗೇ ನೊಂದಿದ್ದಾರೆ, ಇವೆರಡನ್ನು ಅದಲುಬದಲು ಮಾಡಬೇಡಿ. ಗಾಡಿ ನಿಲ್ಲಿಸುವ ಬ್ರೇಕ್ ಇನ್ನೊಂದೇ ಪದ. ಕನ್ನಡ ಅಕ್ಷರದಲ್ಲಿ ಎರಡೂ ಒಂದೇ ಥರ ಕಂಡರೂ ಇಂಗ್ಲಿಷ್‌ನಲ್ಲಿ ಅದು ‘ಎ, ಕೆ, ಇ’ ಎಂದು ಮುಗಿಯುತ್ತದೆ, ಒಡೆಯುವುದು ‘ಇ, ಎ, ಕೆ’ ಎಂದು.